ಚಿಕ್ಕಪ್ಪನ ಗಾಳಿ ಸರದಿ

…ಎಮ್ಮೆಯೇ ಇರಬೇಕು. ನಮ್ಮ ಚಿಕ್ಕಪ್ಪನ ತಾರಸಿ ಹತ್ತಿದ್ದು ಹಸು ಅಂತ ನಾನು ಎಷ್ಟೋ ಜನರ ಮುಂದೆ ಹೇಳಿದ್ದೇನೆ; ಹೇಳಿದ ಹಾಗೆಲ್ಲ ಅದು ಇನ್ನಷ್ಟು ಬೆಳ್ಳಗಾಗುತ್ತ ಬಂದಿದೆ. ಈಗ ನನ್ನ ನೆನಪನ್ನು ನಾನೇ ನಂಬುವುದಿಲ್ಲ, ನೀವೂ ಪೂರ್ತಿ ನಂಬಬೇಡಿ. ಆದರೆ ಒಂದು ಮಾತನ್ನು ಯಾವ ದೇವರ ಮುಂದೆ ಬೇಕಾದರೂ ಹೇಳುತ್ತೇನೆ: ಗಾಳಿಗೆ ಸರದಿ ಗೊತ್ತುಮಾಡಿದ ಮನುಷ್ಯ ಈ ಲೋಕದಲ್ಲಿ ಇದ್ದರೆ ಅವರು ನಮ್ಮ ಚಿಕ್ಕಪ್ಪ ಒಬ್ಬರೇ!

ಚಿಕ್ಕಪ್ಪ ಪಾಂಡವಪುರದ ಕಡೆ ನೀರುಗಂಟಿಯಾಗಿದ್ದವರು. ನಾಲೆಯ ತೂಬು ಎತ್ತಿ ಇಳಿಸಿ, ಇಂಥ ಗದ್ದೆಗೆ ಇಂಥ ದಿನ ಅಂತ ನೀರು ಬಿಡುವ ಕೆಲಸ. ನಿವೃತ್ತರಾದ ಮೇಲೆ ತಿರುಗಿಸಲು ನೀರಿಲ್ಲ, ಬೈಯಲು ರೈತರಿಲ್ಲ. ಕೈ ಸುಮ್ಮನಿರುತ್ತದೆಯೇ? ಅಷ್ಟು ಹೊತ್ತಿಗೆ ಬೇಸಿಗೆ ಬಂತು, ಅದರ ಬೆನ್ನಿಗೇ ಕರೆಂಟು ಬಿಲ್ಲೂ ಬಂತು.

ಸರ್ಕಾರ ಕರೆಂಟು ಪುಕ್ಕಟೆ ಮಾಡಿದಾಗ, ಆಯಾ ಮನೆ ಹಿಂದೆ ಎಷ್ಟು ಉರಿಸುತ್ತಿತ್ತೋ ಅದರ ಮೇಲೆ ಸ್ವಲ್ಪ ಸೇರಿಸಿ ಮಿತಿ ಹಾಕಿತ್ತು. ಬೆಳಕಿರುವಾಗಲೇ ಊಟ ಮುಗಿಸಿ ದೀಪ ಉಳಿಸುತ್ತಿದ್ದ ಚಿಕ್ಕಪ್ಪನಿಗೆ ಸಿಕ್ಕಿದ ಮಿತಿ ಅಂಗೈಯಗಲ. ಹಗಲೂ ದೀಪ ಉರಿಸುತ್ತಿದ್ದ ಪಕ್ಕದ ಮನೆಯವರಿಗೆ ಊರಗಲ! "ಉಳಿಸ್ದೋನ್ಗೆ ದಂಡ ಕಣ್ಲಾ ಇದು!" ಎಂದು ಚಿಕ್ಕಪ್ಪ ಮೀಟರಿಗೇ ಬೈದರು. ಚಳಿಗಾಲವೆಲ್ಲ ಸೊನ್ನೆ ಬಿಲ್ಲು. ಬೇಸಿಗೆಯಲ್ಲಿ ಫ್ಯಾನುಗಳು ತಿರುಗಿದವೋ, ಸೊನ್ನೆ ಹಾರಿಹೋಗುತ್ತಿತ್ತು.

ಚಿಕ್ಕಮ್ಮನ ಕಷ್ಟ ಬೇರೆ. ಹಿಂದಿನ ಬೇಸಿಗೆಯಲ್ಲಿ ಅವರು ಒಲೆಯ ಮುಂದೆ ತಲೆ ಸುತ್ತಿ ಬಿದ್ದಿದ್ದರು. ಹಳೆಯ ಆರ್‌ಸಿಸಿ ಮನೆ. ಮಧ್ಯಾಹ್ನ ಒಳಗೆ ಕೂತರೆ ಆಲೆಮನೆಯ ಕೊಪ್ಪರಿಗೆಯಲ್ಲಿ ಕೂತ ಹಾಗೆ. ನಾನು ಏಸಿ ಕೊಡಿಸುತ್ತೇನೆ ಎಂದೆ.

"ಏಸಿ ತಂಪು ಮಾಡ್ತದೆ, ಬಿಲ್ಲು ಬೆವರುಸ್ತದೆ. ಏನ್ಲಾ ಲಾಭ?" ಎಂದರು ಚಿಕ್ಕಪ್ಪ.

ಚಿಕ್ಕಮ್ಮ ಸೆರಗಿನಿಂದ ಕತ್ತು ಒರೆಸಿಕೊಂಡು ತಣ್ಣಗೆ ಹೇಳಿದರು: "ಯುಗಾದಿ ಕಳೆದು ಅದಿನೈದು ದಿನ ನೋಡ್ತೀನಿ. ಆಗ್ಲೂ ಇಂಗೇ ಬೇಯೋದಾದ್ರೆ ಕೆ.ಆರ್. ಪೇಟೆಗೆ, ನಮ್ಮಕ್ಕನ ಮನೆಗೆ ಹೊಂಟೋಯ್ತೀನಿ. ಮಳೆ ಬಿದ್ದ ಮ್ಯಾಕೇ ಬರೋದು."

ಅಕ್ಕನ ಮನೆ ಹೇಮಗಿರಿಯ ಹತ್ತಿರ. ಹೆಂಚಿನ ಸೂರು, ಹೊಳೆಯ ಗಾಳಿ. ಮದುವೆಯಾದಾಗಿನಿಂದ ಚಿಕ್ಕಮ್ಮನನ್ನು ಎರಡು ರಾತ್ರಿ ಬಿಟ್ಟಿದ್ದವರಲ್ಲ ಚಿಕ್ಕಪ್ಪ. ತೊಡೆ ತಟ್ಟಿಕೊಂಡು, "ಅದಿನೈದು ದಿನ ಯಾಕಮ್ಮಿ? ಎಂಟೇ ದಿನದಾಗೆ ನಿಂಗೆ ಕಂಬಳಿ ಹೊದ್ದುಸ್ತೀನಿ!" ಎಂದು ಎದ್ದರು.

ಮೊದಲು ಗಾಳಿ. ನಾಲೆಯಲ್ಲಿ ಎಲ್ಲ ತೂಬನ್ನೂ ಒಟ್ಟಿಗೆ ಎತ್ತಿದರೆ ಕೊನೆಯ ಗದ್ದೆಗೆ ನೀರು ಹೋಗುವುದಿಲ್ಲ. ಕಿಟಕಿಯೂ ಹಾಗೆಯೇ ಎಂಬುದು ಅವರ ಸಿದ್ಧಾಂತ. ಬೆಳಿಗ್ಗೆ ಅಡುಗೆಮನೆಗೆ ಗಾಳಿ, ಆಮೇಲೆ ನಡುಮನೆಗೆ, ಸಂಜೆ ಕೋಣೆಗೆ. ಒಂದರ ಸರದಿ ಇದ್ದಾಗ ಮಿಕ್ಕ ಕಿಟಕಿಗಳಿಗೆಲ್ಲ ಅಗುಳಿ! ಫ್ಯಾನುಗಳಿಗೆ ಕಡ್ಡಾಯ ರಜೆ. "ಫ್ಯಾನು ಗಾಳಿ ಹುಟ್ಟುಸ್ತದಾ? ಇರೋ ಬಿಸೀನೇ ಕಲಸ್ತದೆ."

"ನಾಲೇಗಾದ್ರೆ ನೀರು ಬುಡೋಕೆ ಮೇಲೊಬ್ಬ ಆಫೀಸರು ಇದ್ದ," ಎಂದರು ಚಿಕ್ಕಮ್ಮ ಬೀಸಣಿಗೆ ಬೀಸಿಕೊಳ್ಳುತ್ತ. "ಗಾಳಿ ಬುಡೋಕೆ ಯಾವನವ್ನೆ?"

ಎರಡನೆಯದು ಗೋಣಿಚೀಲ. ಬಾಗಿಲು ಕಿಟಕಿಗಳಿಗೆಲ್ಲ ನೆನೆಸಿದ ಚೀಲದ ಪರದೆ. ನಾಗಮಂಗಲದಿಂದ ನೆಂಟರೊಬ್ಬರು ಮದುವೆ ಕರೆಯಲು ಬಂದರು. ಚೀಲ ಸರಿಸಿ ಒಳಗೆ ಬರುವಷ್ಟರಲ್ಲಿ ಅವರ ಶಲ್ಯ, ಜುಟ್ಟು, ಲಗ್ನಪತ್ರಿಕೆ ಎಲ್ಲ ತೊಪ್ಪೆ. ಪತ್ರಿಕೆಯಲ್ಲಿ ಮುಹೂರ್ತ ಉಳಿದಿತ್ತು, ಗಂಡಿನ ಹೆಸರು ಹರಿದುಹೋಗಿತ್ತು. ಮದುಮಗ ಯಾರು ಅಂತ ನಮಗೆ ಗೊತ್ತಾದದ್ದು ಛತ್ರದಲ್ಲೇ!

ಆಮೇಲೆ ಬಂತು ಸೋಗೆ. ಕಬ್ಬು ಕಡಿದ ಗದ್ದೆಯಿಂದ ಒಂದು ಟ್ರಾಕ್ಟರು ಸೋಗೆ ತರಿಸಿ ತಾರಸಿಗೆ ಮೊಣಕಾಲುದ್ದ ಹಾಸಿದರು. ಬಿಸಿಲು ಕಾಂಕ್ರೀಟು ಮುಟ್ಟಬಾರದು, ಅಷ್ಟೆ. ಉಪಾಯವೇನೋ ಸರಿಯಾಗಿಯೇ ಇತ್ತು. ಆದರೆ ಹಸಿರು ಸೋಗೆ ಅಂದರೆ ದನಗಳಿಗೆ ಹೋಳಿಗೆ ಊಟ! ಮೂರನೆಯ ದಿನ ಹಿಂದಿನ ಬೀದಿಯ ಆ ಎಮ್ಮೆ (ಅಥವಾ ಹಸು) ಹೊರಗಿನ ಮೆಟ್ಟಿಲು ಹತ್ತಿ ಮೇಲೆ ಹೋಯಿತು. ದನಗಳು ಮೆಟ್ಟಿಲು ಹತ್ತುತ್ತವೆ, ಇಳಿಯುವುದಿಲ್ಲ. ಇದು ಅದಕ್ಕೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಕೊನೆಗೆ ಮೆಟ್ಟಿಲಿಗೆಲ್ಲ ಮಣ್ಣು ಸುರಿದು ಇಳಿಜಾರು ಮಾಡಬೇಕಾಯಿತು.

ಅದರ ಯಜಮಾನ ಕೆಳಗೆ ನಿಂತು ಕೂಗಾಡಿದ: "ಏನಣ್ಣೋ, ನನ್ನ ದನ ಮಾಳಿಗೆ ಮ್ಯಾಲೆ ಸಂಸಾರ ಹೂಡ್ಬುಡ್ತಲ್ಲಾ!"

ಚಿಕ್ಕಪ್ಪ ನಾಚಲಿಲ್ಲ. "ತಂಪು ಕಂಡೈತೆ, ಮಲಗೈತೆ. ಮೂಕಪ್ರಾಣಿ ಸುಳ್ಳು ಹೇಳ್ತದೇನ್ಲಾ?" ಅದೇ ಅವರಿಗೆ ಸಿಕ್ಕಿದ ಮೊದಲ ಸರ್ಟಿಫಿಕೇಟು.

ಯುಗಾದಿ ಕಳೆದ ಹದಿನೈದನೆಯ ದಿನ ನಾನು ಮೈಸೂರಿನಿಂದ ಮತ್ತೆ ಬಂದೆ. ಚಿಕ್ಕಮ್ಮ ಹೊರಟಿರುತ್ತಾರೆ, ಬಸ್ಸಿಗೆ ಹತ್ತಿಸೋಣ ಎಂದೇ ಬಂದಿದ್ದೆ. ನಡುಮನೆಯ ಗೋಡೆಯಲ್ಲಿ ಒಂದು ಉಷ್ಣಮಾಪಕ ತೂಗುತ್ತಿತ್ತು. ಪಕ್ಕದಲ್ಲಿ ಸೀಮೆಸುಣ್ಣದ ಅಂಕಿಗಳು ದಿನದಿಂದ ದಿನಕ್ಕೆ ಇಳಿಯುತ್ತ ಬಂದಿದ್ದವು. ಮೂರು ಗಂಟೆ ಹೊಡೆಯಿತು. ಚಿಕ್ಕಪ್ಪ ಸೀಮೆಸುಣ್ಣ ಹಿಡಿದು ನಿಂತರು. "ನಂಗೆ ಕಣ್ಣು ಮಂಜು. ಏಟೈತೆ ನೋಡಮ್ಮಿ."

ಚಿಕ್ಕಮ್ಮ ಬಗ್ಗಿ ನೋಡಿದರು. ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕಿತು. "ಮೂವತ್ತೊಂದು. ನೆನ್ನೆಗಿಂತ ಒಂದು ಕಮ್ಮಿ."

"ನಾ ಏಳ್ನಿಲ್ವಾ!"

ನಾನೂ ಹೋಗಿ ನೋಡಿದೆ. ಮೂವತ್ತಾರು. ಬಾಯಿ ತೆರೆಯುವಷ್ಟರಲ್ಲಿ ಚಿಕ್ಕಮ್ಮ ನನ್ನ ರಟ್ಟೆ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದರು. "ಸುಮ್ಕಿರ್ಲಾ. ನಾನು ಹೊಂಟೋದ್ರೆ ಆ ಮನುಷ್ಯ ಈ ಗೋಣಿಚೀಲನೆಲ್ಲ ಯಾರ್ಗೆ ಅಂತ ನೆನೆಸ್ಯಾರು?"

ಅವರು ಹೋಗಲಿಲ್ಲ. ಮಧ್ಯಾಹ್ನವೆಲ್ಲ ಒದ್ದೆ ನೆಲದ ಮೇಲೆ ಮಲಗಿ ಆ ಬೇಸಿಗೆ ಕಳೆದರು. ಬಿಲ್ಲು ಮಾತ್ರ ನಿಜವಾಗಿ ಸೊನ್ನೆಗೆ ಇಳಿಯಿತು.

ಮೊನ್ನೆ ಚಿಕ್ಕಪ್ಪನನ್ನು ಶ್ರೀರಂಗಪಟ್ಟಣದ ರೈಲು ನಿಲ್ದಾಣಕ್ಕೆ ಕರೆದುಕೊಂಡು ಹೋಗಿದ್ದೆ. ವೇಳಾಪಟ್ಟಿಯ ಸಣ್ಣ ಅಕ್ಷರಗಳನ್ನು ದೂರದಿಂದಲೇ ಗಳಗಳನೆ ಓದಿದರು. ಕಣ್ಣಿನ ಪೊರೆ ತೆಗೆಸಿದ್ದು ಯಾವಾಗ ಎಂದು ಕೇಳಿದೆ.

"ಮಾಗೀಲಿ ಕಣ್ಲಾ."

"ಆ ಬೇಸಿಗೆಗೆ ಮುಂಚಿನ ಮಾಗಿಯೋ, ಆಮೇಲಿಂದೋ?"

"ಮಾಗಿ ಅಂದ್ರೆ ಮಾಗಿ," ಎಂದು ಅವರು ಕಡ್ಲೆಕಾಯಿ ಮಾರುವವನ ಕಡೆ ತಿರುಗಿಬಿಟ್ಟರು.

ಗೋಡೆಯ ಮೇಲೆ ಮೂವತ್ತೊಂದು ಎಂದು ಬರೆಯುವಾಗ ಅವರಿಗೆ ಮೂವತ್ತಾರು ಕಾಣುತ್ತಿತ್ತೇ? ಚಿಕ್ಕಮ್ಮನನ್ನು ಕೇಳಬಹುದಿತ್ತು, ಕೇಳಲಿಲ್ಲ. ನನಗೆ ಗೊತ್ತಿಲ್ಲ.