ಗೊಂಬಿಮನ್ಯಾಗ ಎರಡ ಒಲಿ

ನಮ್ಮ ಓಣ್ಯಾಗ ನಳದ ನೀರ ಬಂದ್ರ ಬರ್ತೈತಿ, ಇಲ್ಲಾಂದ್ರ ಇಲ್ಲ. ನಗೂ ಸುದ್ದಿ ಮಾತ್ರ ದಿನಾ ತಪ್ಪೂದಿಲ್ಲ. ನಾ ಏನ ಹುಡುಕ್ಕೊಂಡ ಹೋಗೂದಿಲ್ರಿ, ಗ್ವಾಡಿ ದಾಟಿ ಅದಽ ಬರ್ತೈತಿ. ನಾ ಬರೇ ಕಟ್ಟಿ ಮ್ಯಾಲ ಕುಂತ ಅಕ್ಕಿ ಆರಿಸ್ತಿರ್ತೀನಿ. ಮಂದಿ ನನಗ ಚಾಡಿಕೋರಿ ಅಂತಾರ. ಅನ್ಲಿ. ಹಂಗ ಅನ್ನಾವ್ರಽ ಸಂಜಿಕ ಬಂದ "ಏನ ಸುದ್ದಿ ಕಾಕೂ?" ಅಂತ ಕೇಳ್ತಾರ.

ನಮ್ಮೂರ ಏಕಸಂಬ್ಯಾಗ ನಮ್ಮ ಮನಿಗೂ ಬಾಜೂ ಮನಿಗೂ ನಡುವ ಒಂದಽ ಗ್ವಾಡಿ. ಆ ಮನ್ಯಾಗ ಅತ್ತಿ, ಮಾವ, ಇಬ್ಬರ ಗಂಡಮಕ್ಕಳು, ಇಬ್ಬರ ಸೊಸದೇರು. ದೊಡ್ಡ ಸೊಸಿ ರಾಯಬಾಗದಾಕಿ, ದನದಂಗ ದುಡೀತಾಳ. ಸಣ್ಣ ಸೊಸಿ ನಿಪ್ಪಾಣಿಯಾಕಿ, ಹೋದ ವರ್ಷ ಮದಿವ್ಯಾಗಿ ಬಂದ್ಲು. ಬರುವಾಗ ಬಂಗಾರ ಎಷ್ಟ ತಂದ್ಲೋ ನನಗ ಗೊತ್ತಿಲ್ಲ (ಗೊತ್ತೈತಿ, ಹೇಳೂದಿಲ್ಲ), ಒಂದ ಗೊಂಬಿಮನಿ ಅಂತೂ ತಂದ್ಲು. ಆಡಾಕಲ್ಲ, ಸಿಂಗಾರ ಮಾಡಾಕ. ಪ್ಲೈವುಡ್‌ದ ಮನಿ, ಮುಂದ ಗ್ವಾಡಿ ಇಲ್ಲ, ಒಳಗಿನ ಖೋಲಿ ಕಾಣ್ತಾವು. ಕಡ್ಡಿಪೆಟ್ಟಗಿ ಮಂಚ, ಅಂಗಿ ಗುಂಡಿ ತಾಟು. ಇನ್ನೂ ಒಂದೆರಡ ಖೋಲಿ ಖಾಲಿ ಇದ್ದೂವು. ಒಂದೊಂದ ಖೋಲಿ ಮುಗಸೂದಂದ್ರ ಆಕಿಗೆ ಅದೊಂದ ಹಬ್ಬ.

"ಮನ್ಯಾಗ ಕೂಸ ಇಲ್ಲಲ್ಲ, ಯಾರಿಗಿದು?" ಅಂತ ನಾ ಕೇಳ್ದೆ.

"ನನಗಽ ರೀ ಕಾಕೂ" ಅಂದ್ಲು.

ಇದರಿಂದ ಅತ್ತಿಗೆ ಒಂದ ಹೆದರಿಕಿ ಹೊಕ್ಕತು. ಆಕಿ ತಂಗಿ ಮನಿ ಒಡದೈತಿ, ನಾದಿನಿ ಮನಿ ಒಡದೈತಿ. ತನ್ನ ಮಕ್ಕಳಿಬ್ಬರೂ ಕೂಡಿ ಇರಬೇಕು, ಇಷ್ಟಽ ಆಕಿ ದೇವರಿಗೆ ಬೇಡೂದು. ನನ್ನ ಕಟ್ಟಿಗೆ ಬಂದ ಪಿಸುಪಿಸು ಅಂತಿದ್ಲು: "ಇರೂ ಮನಿ ಬಿಟ್ಟ ಬ್ಯಾರೆ ಮನಿ ಕಟ್ಟಾಕತ್ತಾಳ ನೋಡಬೇ. ಲಕ್ಷಣಾ ಏನ ಛಲೋ ಕಾಣವಲ್ದು. ಸಣ್ಣಾವನ್ನ ಕರಕೊಂಡ ಬ್ಯಾರಿ ಆಗ್ತಾಳ ಇಕಿ."

ಬಣ್ಣದ ಅಂಗಡಿ

ಗೊಂಬಿಮನಿಗೆ ಬಣ್ಣಾ ಬೇಕಂತ ಸಣ್ಣ ಸೊಸಿ ಚಿಕ್ಕೋಡಿಗೆ ಹೊಂಟ್ಲು. ಒಬ್ಬಾಕಿನ್ನ ಕಳಸಬಾರದಂತ ಅತ್ತಿ ನನ್ನ ಜೋಡಿ ಹಾಕಿದ್ಲು.

ಅಂಗಡಿಯಾವ ನಮ್ಮನ್ನ ನೋಡಿ ಕುರ್ಚಿ ಹಾಕ್ದ, ಚಹಾ ಹೇಳ್ದ. ದೊಡ್ಡ ಗಿರಾಕಿ ಅಂತ ತಿಳ್ಕೊಂಡಿದ್ದ.

"ಎಷ್ಟ ಖೋಲಿ ಅದಾವ್ರಿ ಅಕ್ಕಾರ?"

"ಆರ ಅದಾವ್ರಿ" ಅಂದ್ಲು ಸೊಸಿ.

ಅವ ಖುಷಿಯಾಗಿ ದೊಡ್ಡ ದೊಡ್ಡ ಡಬ್ಬಿ ಇಳಸಾಕತ್ತ. "ಅಷ್ಟ ಬ್ಯಾಡ್ರಿ, ಒಂದ ಚಮಚಾ ಸಾಕು" ಅಂದ್ಲು ಈಕಿ. ಅವ ಡಬ್ಬಿ ಹಿಡಕೊಂಡ ಹಂಗಽ ನಿಂತ.

"ಆರ ಖೋಲಿಗೆ ಒಂದ ಚಮಚಾ? ಮನಿ ಎಷ್ಟ ದೊಡ್ಡದೈತ್ರಿ?"

ಸೊಸಿ ನನ್ನ ಕಡೆ ಕೈ ಮಾಡಿ, "ಈ ನಮ್ಮ ಕಾಕೂನ ಮಡಲಾಗ ಕುಂಡ್ರತೈತ್ರಿ" ಅಂದ್ಲು.

ಆ ಹಾಳಾದ ಅಂಗಡಿಯಾವ ನನ್ನ ಮ್ಯಾಲಿಂದ ಕೆಳಗ, ಕೆಳಗಿಂದ ಮ್ಯಾಲ ನೋಡಿ, ಡಬ್ಬಿ ಮತ್ತ ಮುಂದ ಸರಿಸಿದ.

"ಹಂಗಾರ ದೊಡ್ಡ ಮನೀನಽ ಐತಲ್ರಿ."

ಚಹಾ ಬಿಟ್ಟ ಎದ್ದ ಬಂದೆ. ಅರ್ಧಾ ಕುಡದಿದ್ದೆ, ಆ ಮಾತ ಬ್ಯಾರೆ.

ಎಮ್ಮಿ ಎಲ್ಲಿ ಕಟ್ಟತಾರ?

ಆ ಮನಿ ಮಾವ ಹಳೀ ಮನಷ್ಯಾ. ಸೊಸದೇರ ಜೋಡಿ ನೆಟ್ಟಗ ಮಾತಾಡೂದಿಲ್ಲ, ಏನ ಹೇಳೂದಿದ್ರೂ ಪಡಸಾಲಿ ಕಂಬಕ್ಕ ಹೇಳ್ತಾನ. ಸೊಸದೇರೂ ಕಂಬಕ್ಕಽ ಉತ್ತರಾ ಕೊಡ್ತಾರ. ಆ ಕಂಬದಷ್ಟ ಆ ಮನಿ ಸುದ್ದಿ ನನಗೂ ಗೊತ್ತಿಲ್ಲ.

ಒಂದಿನಾ ಸಣ್ಣ ಸೊಸಿ ಗೊಂಬಿಮನಿ ಬಣ್ಣಾ ಒಣಗ್ಲೆಂತ ಪಡಸಾಲ್ಯಾಗ ಇಟ್ಟಿದ್ಲು. ಮಾವ ಬಗ್ಗಿ ನೋಡಿ, ಕೆಮ್ಮಿ, ಕಂಬಕ್ಕ ಕೇಳ್ದ: "ಮನಿ ಛಲೋ ಐತಿ. ಎಮ್ಮಿ ಎಲ್ಲಿ ಕಟ್ಟತಾರಂತ?"

ಸೊಸಿ ಸೆರಗ ಹೊತಗೊಂಡ ಕಂಬಕ್ಕ ಹೇಳಿದ್ಲು: "ಹಿತ್ತಲದಾಗ ಜಾಗಾ ಬಿಟ್ಟೇನ್ರಿ. ಎಮ್ಮಿ ಇಲ್ರಿ."

ಎಮ್ಮಿ ಇಲ್ಲ ಅಂದಿದ್ದ ಕೇಳಿ ಮಾವನ ಜೀವಾ ಮರಗತು. ಮಣ್ಣೆತ್ತಿನ ಅಮಾಸಿಗೆ ಎತ್ತ ಮಾಡೂದ್ರಾಗ ಆತನ್ನ ಸರಿಗಟ್ಟಾವ್ರ ಊರಾಗ ಯಾರೂ ಇಲ್ಲ. ಹೊಲದ ಎರಿಮಣ್ಣ ತಂದ, ಊಟಾ ಬಿಟ್ಟ ಕುಂತ, ಎಮ್ಮಿ ಮಾಡ್ದ. ಕೋಡು, ಕೆಚ್ಚಲಾ, ಬಾಲದ ಗೊಂಡೆ ಎಲ್ಲಾ ಖರೇ ಎಮ್ಮಿಗತೆ. ತಂದ ಗೊಂಬಿಮನಿ ಬಾಜೂಕ ನಿಂದ್ರಿಸಿದ. ಎಮ್ಮಿ ಮಾಳಿಗಿ ಮ್ಯಾಲಿಂದ ಓಣಿ ನೋಡಾಕತ್ತಿತ್ತು! ಮನಿ ಅದರ ಕಾಲಾಗ ಕರುವಿನಂಗ ಕಾಣಾಕತ್ತಿತ್ತು.

ಎಲ್ಲಾರೂ ಬಾಯಾಗ ಸೆರಗ ಇಟಗೊಂಡ ನಿಂತ್ವಿ. ಸೊಸಿ ಮೆಲ್ಲಕ ಕಂಬಕ್ಕ ಅಂದ್ಲು: "ಸ್ವಲ್ಪ ಸಣ್ಣದಾಗಿದ್ರ..."

ಮಾವಗ ಸಿಟ್ಟ ಬಂದ ಕಂಬಾ ಗಿಂಬಾ ಎಲ್ಲಾ ಮರತ: "ಎಮ್ಮಿ ಸಣ್ಣದ ಮಾಡಾಕ ಬರೂದಿಲ್ಲಬೇ. ಮನಿ ದೊಡ್ಡದ ಮಾಡು. ಹಾಲ ಕೊಡೂದು ಎಮ್ಮಿಯೋ, ಮನಿಯೋ?"

ಮಾವ ಸೊಸಿ ಜೋಡಿ ನೆಟ್ಟಗ ಆಡಿದ ಮೊದಲನೇ ಮಾತು ಅದು.

ಪಡದಿ

ಇದನ್ನ ನಾ ಹೇಳೂದಿಲ್ಲಂತಿದ್ದೆ. ಆದ್ರ ಅತ್ತಿ ಆಗಲೇ ಊರ ತುಂಬ ಹೇಳ್ಯಾಳ.

ಸಣ್ಣ ಸೊಸಿ ಗೊಂಬಿಮನಿ ನಡುಬಾಗಲಕ್ಕ ಜಾಳಿಗಿ ಪಡದಿ ಹೊಲದ್ಲು. ನೂಲ ಕಣ್ಣಿಗೆ ಕಾಣೂದಿಲ್ಲ, ಅಷ್ಟ ನಾಜೂಕ. ಅದರ ಹಿಂದಿನ ಖೋಲ್ಯಾಗ ಏನ ಇಟ್ಟಾಳ ನೋಡೂನಂತ ನಾ ಮಾರಿ ಹತ್ತರ ಒಯ್ದೆ. ನನ್ನ ನತ್ತ ಹೋಗಿ ಜಾಳಿಗ್ಯಾಗ ಸಿಕ್ಕೊಂತು. ಹಿಂದ ಜಗ್ಗಿದ್ರ ಮನೀನಽ ಎದ್ದ ಬರ್ತೈತಿ, ಮುಂದ ಹೋದ್ರ ಮಂಚ ಮುರೀತೈತಿ. ಬಗ್ಗಿ ಹಂಗಽ ನಿಂತೆ. ದೊಡ್ಡ ಸೊಸಿ ಬ್ಯಾಟರಿ ಹಿಡದ್ಲು, ಅತ್ತಿ ನನ್ನ ತಲಿ ಹಿಡದ್ಲು.

"ಬಿಚ್ಚವಲ್ದು. ಕತ್ರಿ ತರ್ಲಿ?" ಅಂದ್ಲು ಅತ್ತಿ.

ಸಣ್ಣ ಸೊಸಿ ಚೀರಿದ್ಲು: "ಪಡದಿ ಕತ್ತರಸಬ್ಯಾಡ್ರಿ ಅತ್ತ್ಯಾರ! ಭಾಳ ದಿನಾ ಕುಂತ ಹೊಲದೇನಿ!"

"ಮತ್ತ ಏನ ಕತ್ತರಸ್ತೀರ್ಬೇ?" ಅಂತ ನಾ ಒಳಗಿಂದ ಕೇಳ್ದೆ.

ಕತ್ರಿ ಸಪ್ಪಳಾ ಮಾತ್ರ ಬಂತು.

ದೇವರ ದೊಡ್ಡಾವ, ನತ್ತ ತಾನಽ ಬಿಚ್ಚಕೊಂತು. ಮನಿಗೆ ಬಂದ ಮೊದಲ ಕನ್ನಡಿ ನೋಡ್ಕೊಂಡೆ. ಎಲ್ಲಾ ಇದ್ದಲ್ಲೇ ಇತ್ತು.

ಎರಡನೇ ಒಲಿ

ಇನ್ನ ಖರೇ ಕತಿ ಕೇಳ್ರಿ. ಸಣ್ಣ ಸೊಸಿ ಗಂಡನ ಜೋಡಿ ತವರಿಗೆ ನಿಪ್ಪಾಣಿಗೆ ಹೋಗಿದ್ಲು. ಅತ್ತಿ ಆಕಿ ಖೋಲಿ ಕಸಾ ಹೊಡ್ಯಾಕ ಹೋಗಿ, ಗೊಂಬಿಮನಿ ಒಳಗ ಬಗ್ಗಿ ನೋಡ್ಯಾಳ. ನೋಡಿದಾಕಿನಽ ಕಸಬರಗಿ ಹಿಡಕೊಂಡ ನನ್ನ ಕಟ್ಟಿಗೆ ಬಂದ ಕುಂತ್ಲು.

"ಎರಡ ಒಲಿ ಹೂಡ್ಯಾಳಬೇ" ಅಂದ್ಲು.

ನಮ್ಮ ಕಡೆ ಒಂದ ಮನ್ಯಾಗ ಎರಡ ಒಲಿ ಹೂಡಿದ್ರಂದ್ರ ಅಣ್ಣತಮ್ಮರ ಬ್ಯಾರಿ ಆದಂಗ. ಕಾಗದಾ ಪತ್ರಾ ಎಲ್ಲಾ ಆಮ್ಯಾಲ. ನಾ ಓಡಿ ಹೋಗಿ ನೋಡಿದೆ. ಖರೇನಽ! ಅಡಗಿ ಖೋಲ್ಯಾಗ ಮಣ್ಣಿನ್ದ ಒಂದ ಒಲಿ. ಹಿಂದಿನ ಖಾಲಿ ಖೋಲ್ಯಾಗ ಇನ್ನೊಂದ ಒಲಿ, ಕಟಗಿ ಸುದ್ದಾ ಇಟ್ಟಾಳ.

"ಬಾಯ್ಲೆ ಹೇಳಾಕ ಆಗಿಲ್ಲ, ಕೈಲೆ ಮಾಡಿ ತೋರ್ಸ್ಯಾಳ" ಅಂತ ಅತ್ತಿ ಅಳಾಕತ್ಲು. ನಾ ಸಮಾಧಾನಾ ಮಾಡ್ದೆ. ಯಾರಿಗೂ ಹೇಳ್ಲಿಲ್ಲ. ಹಾಲ ಹಾಕೂ ಹೆಣ್ಮಗಳಿಗೆ ಅಷ್ಟ ಹೇಳಿದೆ, ಆಕಿ ತಾನಾಗೇ ಕೇಳಿದ್ಲಂತ.

ಅತ್ತಿ ಐನಾಪುರದ ತನ್ನ ಅಣ್ಣಗ ಫೋನ್ ಹಚ್ಚಿದ್ಲು. ಆತ ದೊಡ್ಡ ಹಿರ್ಯಾ, ಯಾರ ಮನಿ ಆಸ್ತಿ ವಾಟ್ಣಿ ಇದ್ರೂ ಆತನಽ ಮುಂದ ಕುಂತ ಪಾಲ ಹಂಚಾಂವ. ಮರದಿನ ಮುಂಜಾನೆ ಬಂದ, ಟೊಪಗಿ ತಗದ ಗೂಟಕ್ಕ ಹಾಕ್ದ, "ಎಲ್ಲೈತಿ ಆ ಮನಿ, ತರ್ರಿ" ಅಂದ. ಜಮಖಾನಿ ಹಾಸಿ ನಡುವ ಗೊಂಬಿಮನಿ ಇಟ್ರು. ಹಿರ್ಯಾ ಚಷ್ಮಾ ಏರ್ಸಿ ಖೋಲಿ ಖೋಲಿ ನೋಡ್ದ. ತಲಿ ಅಳ್ಳಾಡ್ಸಿದ.

"ಒಲಿ ಎರಡಽ ಅದಾವ" ಅಂದ.

ಮಾವ ಕಂಬಕ್ಕ ಹೇಳ್ದ: "ಹೊಲಾ ಬೇಕಾದ್ರ ಹಂಚ್ರಿ. ಎಮ್ಮಿ ಹಂಚೂದಿಲ್ಲ."

ದೊಡ್ಡ ಮಗಾ ತಲಿ ಮ್ಯಾಲ ಕೈ ಹೊತ್ತ ಕುಂತ. "ತಮ್ಮ ನನಗ ಒಂದ ಮಾತ ಹೇಳಬಾರದಿತ್ತ?" ಅಂತ ಕಣ್ಣಾಗ ನೀರ ತಂದ. ದೊಡ್ಡ ಸೊಸಿ ಪಾಪ, ಬಂದ ಹಿರ್ಯಾಗ ರೊಟ್ಟಿ ಬಡ್ಯಾಕ ಒಳಗ ಹ್ವಾದ್ಲು. ನನಗೂ ಎದ್ಯಾಗ ಕಲ್ಲ ಇಟ್ಟಂಗಾತ್ರಿ. ಬಾಯಿ ಹೆಂಗರ ಇರ್ಲಿ, ಆ ಮನಿ ಒಡದ್ರ ನಾ ಯಾರ ಜೋಡಿ ಮಾತಾಡ್ಲಿ?

ಅಷ್ಟೊತ್ತಿಗೆ ಗಂಡಾ ಹೆಂಡ್ತಿ ಗಾಡಿ ಮ್ಯಾಲ ಬಂದ್ರು. ಬಾಗಲದಾಗ ಚಪ್ಪಲಿ ಗುಂಪ ನೋಡಿ ಸಣ್ಣ ಮಗಾ ಗಾಬರಿ: "ಅವ್ವಾ, ಯಾರ ಹೋದ್ರು?"

"ಇನ್ನೂ ಹೋಗಿಲ್ಲ. ಹೋಗಾವ್ರ ನೀವಽ" ಅಂದ್ಲು ಅತ್ತಿ.

ಹಿರ್ಯಾ ಸಣ್ಣ ಸೊಸಿನ್ನ ಮುಂದ ಕುಂಡ್ರಿಸ್ಕೊಂಡ. "ತಂಗಿ, ಹೆದರಬ್ಯಾಡ. ಖರೇ ಹೇಳು. ಈ ಮನ್ಯಾಗ ಒಲಿ ಎಷ್ಟ ಅದಾವು?"

"ಎರಡ ಅದಾವ್ರಿ ಮಾವಾರ."

ಅತ್ತಿ ಬಿಕ್ಕಿದ್ಲು.

"ಯಾಕವ್ವಾ ಎರಡು?"

ಆಕಿ ಎಲ್ಲಾರ ಮಾರಿ ನೋಡಿದ್ಲು. ಏನೂ ತಿಳೀಲಿಲ್ಲ ಪಾಪ. "ಒಂದರ ಮ್ಯಾಲ ಅಡಗಿ. ಇನ್ನೊಂದು ಬಚ್ಚಲದ ನೀರೊಲಿ ರೀ. ಜಳಕದ ನೀರ ಕಾಸಾಕ. ಹಂಡೆಕ ತಾಮ್ರದ ಬಣ್ಣಾ ಹಚ್ಚೇನ್ರಿ, ಒಣಗ್ಲೆಂತ ಕಿಡಕ್ಯಾಗ ಇಟ್ಟ ಊರಿಗೆ ಹೋಗಿದ್ದೆ."

ಎದ್ದ ಹೋಗಿ ತಂದ್ಲು. ಸೆಂಟಿನ ಬಾಟ್ಲಿ ಗುಂಡನ ಮುಚ್ಚಳಾ, ತಾಮ್ರದ ಬಣ್ಣದಾಗ ಫಳಫಳ ಹೊಳ್ಯಾಕತ್ತಿತ್ತು. ಎರಡನೇ ಒಲಿ ಮ್ಯಾಲ ಇಟ್ಲು. ಹಂಡೆ ಜಬರದಸ್ತ ಕುಂತಿತು. ನಮ್ಮೆಲ್ಲಾರ ಮನಿ ಮ್ಯಾಲೂ ಸೋಲಾರ ಬಂದ ನೀರೊಲಿ ಅನ್ನೂದನ್ನ ಮರತಽ ಬಿಟ್ಟೇವ್ರಿ, ಯಾರಿಗೂ ಹೊಳೀಲೇ ಇಲ್ಲ.

ಹಿರ್ಯಾ ಚಷ್ಮಾ ತಗದ. "ನಾ ಐನಾಪುರದಿಂದ ಒಂದ ಮುಚ್ಚಳದ ಸಲುವಾಗಿ ಬಂದೇನೇನ?" ಅಂದ. ಮೊದಲ ಮಾವ ನಕ್ಕ, ಆಮ್ಯಾಲ ದೊಡ್ಡ ಮಗಾ ತಮ್ಮನ ಬೆನ್ನ ಗುದ್ದಿ ನಕ್ಕ, ಆಮ್ಯಾಲ ಇಡೀ ಪಡಸಾಲಿ ನಕ್ಕತು. ನನ್ನ ಎದಿ ಮ್ಯಾಲಿನ ಕಲ್ಲ ಇಳೀತು. ಅತ್ತಿ ಸೊಸಿ ಗಲ್ಲಾ ಹಿಡದ, "ಹಂಗಾರ ನೀ ಬ್ಯಾರಿ ಆಗೂದಿಲ್ಲಲ್ಲ ನನ ಯವ್ವಾ?" ಅಂದ್ಲು.

"ಅಯ್ಯ, ನಾ ಯಾಕ ಬ್ಯಾರಿ ಆಗ್ಲಿರಿ ಅತ್ತ್ಯಾರ?" ಅಂದ್ಲು ಸಣ್ಣ ಸೊಸಿ. "ಇಲ್ಲೆ ಅಕ್ಕಾರು ರೊಟ್ಟಿ ಬಡೀತಾರ, ಭಾಂಡೆ ತಿಕ್ಕತಾರ, ಎಮ್ಮಿ ಹಿಂಡತಾರ. ಬ್ಯಾರಿ ಆದ್ರ ಅದೆಲ್ಲಾ ನಾನಽ ಮಾಡಬೇಕು. ಆಮ್ಯಾಲ ಗೊಂಬಿಮನಿ ಯಾವಾಗ ಮಾಡ್ಲಿ?"

"ಬಂಗಾರದಂಥಾ ಸೊಸಿ!" ಅಂದ ಹಿರ್ಯಾ, ಎದ್ದ ಟೊಪಗಿಗೆ ಕೈ ಹಾಕ್ದ.

ಒಳಗ ರೊಟ್ಟಿ ಬಡಿಯೂ ಸಪ್ಪಳಾ ನಿಂತಿತು. ಮೊಳಕೈ ತನಕ ಹಿಟ್ಟಾಗಿದ್ದ ದೊಡ್ಡ ಸೊಸಿ ಹೊರಗ ಬಂದ್ಲು.

"ಮಾವಾರ, ಟೊಪಗಿ ಅಲ್ಲೇ ಇರ್ಲಿ, ನೀವ ಕುಂಡ್ರಿ" ಅಂದ್ಲು. "ಈಗ ನಾ ಬ್ಯಾರಿ ಆಗ್ತೀನಿ."