ಡಿಕ್ಕಿಯ ಕೀಲಿ, ಅತ್ತೆಯ ಹಲ್ಲು

ಕಾರು ಕೊಂಡವರು ಮೊದಲು ಏನು ಮಾಡುತ್ತಾರೆ? ಹತ್ತಿ ಒಂದು ಸುತ್ತು ಹೊಡೆದು ಬರುತ್ತಾರೆ. ನಮ್ಮ ಸ್ಟೋರಪ್ಪನವರು ಹತ್ತಲೂ ಇಲ್ಲ, ಸುತ್ತಲೂ ಇಲ್ಲ. ಹನ್ನೊಂದು ವರ್ಷ ಹಳೆಯ ಆ ಕಾರಿನ ಜೊತೆ ಬಂದ ಇನ್ನೂರ ಹನ್ನೆರಡು ಪುಟದ ಕೈಪಿಡಿಯನ್ನು ಹಿಡಿದು ವರಾಂಡದ ಕುರ್ಚಿಯಲ್ಲಿ ಕುಳಿತವರು ಒಂಬತ್ತು ದಿನ ಏಳಲಿಲ್ಲ. (ಊಟಕ್ಕೆ, ಸ್ನಾನಕ್ಕೆ, ಕೆಲಸಕ್ಕೆ ಎದ್ದರು ಅನ್ನಿ. ಅದನ್ನೆಲ್ಲ ಹಿಡಿದುಕೊಂಡು ಕೂತರೆ ಕಥೆ ಹೇಳುವುದು ಹೇಗೆ?) ಹತ್ತನೆಯ ದಿನ ಎದ್ದು, ಈ ಕಾರಿನಲ್ಲಿ ಸಾಮಾನಿಡಲು ಹದಿನೇಳು ಜಾಗಗಳಿವೆ, ಹಿಂದಿನ ಯಜಮಾನ ಮೂರನ್ನು ಮಾತ್ರ ಬಳಸಿದ್ದಾನೆ, ಅವನು ಮನುಷ್ಯನೇ ಅಲ್ಲ ಎಂದು ಘೋಷಿಸಿದರು.

ಅವರು ದೊಡ್ಡಾಸ್ಪತ್ರೆಯೊಂದರ ಸ್ಟೋರ್ ಕೀಪರ್. ಇಪ್ಪತ್ತೇಳು ವರ್ಷಗಳಿಂದ ಹತ್ತಿ, ಸಿರಿಂಜು, ಹಾಸಿಗೆ ಬಟ್ಟೆಗಳನ್ನು ಕಾಯುತ್ತ ಬಂದವರು. ನರ್ಸುಗಳಿಟ್ಟ ಹೆಸರೇ ಸ್ಟೋರಪ್ಪ. ಅವರ ಉಗ್ರಾಣದಲ್ಲಿ ಒಂದು ಮಹಾಸೂತ್ರವಿತ್ತು: ಬೀಗ ಇರುವಲ್ಲಿ ಅದರ ಕೀಲಿ ಇರಕೂಡದು. ಹಾಗಾಗಿ ಮೊದಲ ಬೀರುವಿನ ಕೀಲಿ ಎರಡನೆಯದರಲ್ಲಿ, ಎರಡನೆಯದರ ಕೀಲಿ ಮೂರನೆಯದರಲ್ಲಿ, ಮೂರನೆಯದರ ಕೀಲಿ ಅವರ ಸೊಂಟದಲ್ಲಿ. ಗಾಯಕ್ಕೆ ಬ್ಯಾಂಡೇಜು ಬೇಕೆಂದು ಬಂದವರಿಗೆ ಮೂರು ಬೀರು ತೆರೆಯುವ ಹೊತ್ತಿಗೆ ಗಾಯವೇ ಒಣಗಿರುತ್ತಿತ್ತು ಎಂದು ಆಸ್ಪತ್ರೆಯವರು ಆಡಿಕೊಳ್ಳುತ್ತಿದ್ದರು. ಆದರೆ ಇಪ್ಪತ್ತೇಳು ವರ್ಷದಲ್ಲಿ ಒಂದು ಸೂಜಿಯೂ ಕಳೆದಿರಲಿಲ್ಲ, ಅದೂ ನಿಜ.

ಕಾರು ಓಡಿಸುವುದು ಮಾತ್ರ ಅವರ ಹೆಂಡತಿ. ಆಕೆ ಅಂಚೆ ಕಚೇರಿಯಲ್ಲಿ ಗುಮಾಸ್ತೆ, ಮಾತು ಕಡಿಮೆ, ಆಡಿದರೆ ಠಸ್ಸೆ ಒತ್ತಿದಂತೆ. ಸ್ಟೋರಪ್ಪನವರಿಗೆ ಲೈಸೆನ್ಸು ಇಲ್ಲ. ಪರೀಕ್ಷೆಯ ದಿನ ಸೀಟು, ಕನ್ನಡಿ, ಬೆಲ್ಟು ಸರಿಪಡಿಸಿಕೊಳ್ಳುವುದರಲ್ಲೇ ಅರ್ಧ ಗಂಟೆ ಕಳೆದು, ಇನ್ಸ್‌ಪೆಕ್ಟರು ಇಳಿದು ಮನೆಗೆ ಹೋಗಿದ್ದರಂತೆ.

ಮನೆಯಲ್ಲಿ ಇನ್ನೊಬ್ಬರಿದ್ದರು, ಸ್ಟೋರಪ್ಪನವರ ಅತ್ತೆ. ಮೂವತ್ತನಾಲ್ಕು ವರ್ಷ ಹೆಡ್‌ಮೇಡಂ ಆಗಿ ನಿವೃತ್ತರಾದವರು. ನಾಲ್ಕು ತಿಂಗಳ ಹಿಂದೆ ಅವರ ಹಲ್ಲುಗಳನ್ನೆಲ್ಲ ತೆಗೆದಿದ್ದರು. ಆ ನಾಲ್ಕು ತಿಂಗಳು ಅವರ ಬೊಚ್ಚು ಬಾಯಿಯ ಮಾತು ಸ್ವಂತ ಮಗಳಿಗೇ ಅರ್ಧ ತಿಳಿಯುತ್ತಿರಲಿಲ್ಲ. ಆದರೆ ದಿನಾ ಸಂಜೆ ಜೊತೆಗೆ ಕೂತು ಟಿವಿ ವಾರ್ತೆ ನೋಡಿ ಸರ್ಕಾರವನ್ನು ಬೈಯುವ ಅಳಿಯನಿಗೆ ಒಂದಕ್ಷರ ಬಿಡದೆ ತಿಳಿಯುತ್ತಿತ್ತು. ಎಂಟು ದಿನದ ಹಿಂದಷ್ಟೇ ಹೊಸ ಹಲ್ಲಿನ ಸೆಟ್ಟು ಬಂದಿತ್ತು. ಬಂದಿದ್ದು ಸರಿಯಾದ ಹೊತ್ತಿಗೇ. ಶನಿವಾರ ಹನ್ನೊಂದು ಗಂಟೆಗೆ ಅವರ ಹಳೆಯ ಶಾಲೆಯ ಐವತ್ತನೇ ವರ್ಷದ ಸಮಾರಂಭ, ಅವರೇ ಮುಖ್ಯ ಭಾಷಣ. ತಗಡಿನ ಮಾಡಿನ ಕೆಳಗೆ ಹನ್ನೊಂದು ಮಕ್ಕಳನ್ನು ಕೂರಿಸಿಕೊಂಡು ಆ ಶಾಲೆ ಶುರು ಮಾಡಿದವರೇ ಅವರು. ಈಗ ಅಲ್ಲಿ ಎಂಟು ನೂರು ಮಕ್ಕಳು. ಒಂದು ವಾರದಿಂದ ಬಚ್ಚಲುಮನೆಯಲ್ಲಿ ಬಾಗಿಲು ಹಾಕಿಕೊಂಡು ಭಾಷಣ ಅಭ್ಯಾಸ ಮಾಡುತ್ತಿದ್ದರು. ಇನ್ನೊಮ್ಮೆ ಅಲ್ಲಿ ನಿಂತು ಮಾತಾಡುವ ದಿನ ತನಗೆ ಬರುವುದಿಲ್ಲ ಎಂದು ಮಗಳ ಹತ್ತಿರ ಹೇಳಿಕೊಂಡಿದ್ದರು.

ಅದು ಕಿವಿಗೆ ಬಿದ್ದ ದಿನವೇ ಸ್ಟೋರಪ್ಪನವರು ಪಣ ತೊಟ್ಟರು. ಅತ್ತೆಯನ್ನು ಮನೆಯ ಮೆಟ್ಟಿಲಿನಿಂದ ಶಾಲೆಯ ಮೆಟ್ಟಿಲಿಗೆ ಕೂದಲು ಕೊಂಕದಂತೆ, ಕೈಪಿಡಿಯ ಒಂದು ಸಾಲೂ ಮೀರದಂತೆ ತಲುಪಿಸಬೇಕು. ಹದಿನೇಳು ಜಾಗಗಳಿಗೂ ಚೀಟಿ ಅಂಟಿಸಿದರು. ಬಾಗಿಲ ಜೇಬಿಗೆ ‘ಕೊಡೆ’, ಸೀಟಿನ ಬೆನ್ನ ಚೀಲಕ್ಕೆ ‘ಕರವಸ್ತ್ರ, ಒಂದು’. ಕರವಸ್ತ್ರ ಒಂದೇ ಯಾಕೆ ಎಂದು ಹೆಂಡತಿ ಕೇಳಲಿಲ್ಲ. ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ಯಾವುದನ್ನು ಕೇಳಬಾರದು ಎಂಬುದು ಆಕೆಗೆ ಕರಗತವಾಗಿತ್ತು.

ಶನಿವಾರ ಬೆಳಿಗ್ಗೆ ಹೊರಡುವಾಗ ಅತ್ತೆ, ಕಾರು ಕುಲುಕಿದರೆ ಹೊಸ ಹಲ್ಲು ಒಸಡಿಗೆ ಒತ್ತುತ್ತದೆ, ಅಲ್ಲಿ ಹೋಗಿ ಹಾಕಿಕೊಳ್ಳುತ್ತೇನೆ ಎಂದು ಸೆಟ್ಟನ್ನು ತೆಗೆದು ಸಣ್ಣ ಸ್ಟೀಲು ಡಬ್ಬಿಗೆ ಹಾಕಿದರು. ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತರು. ಸ್ಟೋರಪ್ಪನವರ ಕಣ್ಣು ಡಬ್ಬಿಯ ಮೇಲೆ ಬಿತ್ತು.

"ಅತ್ತೆ, ಅದನ್ನ ಇಲ್ಲಿ ಕೊಡಿ. ಎಂಬತ್ತೇಳನೇ ಪುಟ. ಬ್ರೇಕ್ ಹಾಕಿದ್ರೆ ಕಾರೊಳಗಿನ ಬಿಡಿ ಸಾಮಾನು ಕಲ್ಲು ಬೀಸಿದ ಹಾಗೆ ಹಾರುತ್ತೆ."

"ನನ್ನ ಹಲ್ಲು ನನ್ನನ್ನೇ ಕಚ್ಚುತ್ತಾ?" ಎಂದರು ಅತ್ತೆ. ಆದರೂ ಕೊಟ್ಟರು. ಅಳಿಯನ ಕೈಗೆ ಕೊಟ್ಟ ಸಾಮಾನು ಕಳೆಯುವುದಿಲ್ಲ ಎಂಬ ನಂಬಿಕೆ ಅವರಿಗಿತ್ತು. ಕಳೆಯಲೂ ಇಲ್ಲ ಬಿಡಿ, ಆ ವಿಷಯಕ್ಕೇ ಬರುತ್ತೇನೆ.

ಆ ಹಳೆಯ ಕಾರಿನಲ್ಲಿ ಒಂದೊಂದು ಬೀಗಕ್ಕೆ ಒಂದೊಂದು ಕೀಲಿ. ಓಡಿಸುವುದಕ್ಕೆ ಒಂದು, ಹಿಂದಿನ ಡಿಕ್ಕಿಗೆ ಒಂದು, ಮುಂದೆ ಡ್ಯಾಶ್‌ಬೋರ್ಡಿನಲ್ಲಿರುವ ತಗಡಿನ ಪೆಟ್ಟಿಗೆಗೆ ಒಂದು. ಸ್ಟೋರಪ್ಪನವರು ಮಹಾಸೂತ್ರವನ್ನು ಸ್ಮರಿಸಿದರು. ಹಲ್ಲಿನ ಡಬ್ಬಿಯನ್ನು ಮುಂದಿನ ಪೆಟ್ಟಿಗೆಯಲ್ಲಿಟ್ಟರು. ಡಿಕ್ಕಿಯ ಕೀಲಿ ಡಿಕ್ಕಿಯ ಹತ್ತಿರ ಇರಕೂಡದಲ್ಲ? ಅದನ್ನೂ ಆ ಪೆಟ್ಟಿಗೆಯಲ್ಲೇ ಇಟ್ಟು ಬೀಗ ಹಾಕಿದರು. ಪೆಟ್ಟಿಗೆಯ ಕೀಲಿ ಪೆಟ್ಟಿಗೆಯ ಹತ್ತಿರ ಇರಕೂಡದಲ್ಲ? ಅದನ್ನು ಹಿಡಿದು ಹಿಂದಕ್ಕೆ ಹೋಗಿ, ತೆರೆದೇ ಇದ್ದ ಡಿಕ್ಕಿಯಲ್ಲಿ ಸ್ಟೆಪ್ನಿ ಚಕ್ರದ ಅಡಿಯ ಗುಂಡಿಯಲ್ಲಿಟ್ಟು, ಧಡ್ ಎಂದು ಮುಚ್ಚಿದರು. ಮುಚ್ಚಿದೊಡನೆ ತಾನೇ ಬೀಗ ಬೀಳುವ ಡಿಕ್ಕಿ ಅದು. ಕೈ ಝಾಡಿಸಿಕೊಂಡು ಬಂದು ಮುಂದೆ ಕೂತರು. ಮನಸ್ಸಿಗೆ ಎಷ್ಟು ನೆಮ್ಮದಿಯಾಯಿತೆಂದರೆ, ದಾರಿಯುದ್ದಕ್ಕೂ ಹೆಂಡತಿಯ ವೇಗದ ಬಗ್ಗೆ ನಾಲ್ಕೇ ಸಲ ಮಾತಾಡಿದರು.

ಒಂದೂವರೆ ಗಂಟೆಯ ದಾರಿ. ಹತ್ತೂ ಮೂವತ್ತೈದಕ್ಕೆ ಕಾರು ಶಾಲೆಯ ಅಂಗಳದಲ್ಲಿ ನಿಂತಿತು. ಎಲ್ಲರೂ ಇಳಿದರು. ಅರವತ್ತಮೂರನೆಯ ಪುಟದ ಪ್ರಕಾರ ನಿಲ್ಲಿಸಿದ ಕೂಡಲೇ ಕಳ್ಳರ ಸೈರನ್ನು ಸಿದ್ಧ ಮಾಡಬೇಕು, ಮಾಡಿದರು. ಅತ್ತೆ ಸೀರೆ ಸರಿಮಾಡಿಕೊಂಡು, ಡಬ್ಬಿಗಾಗಿ ಕೈ ಚಾಚಿದರು.

ಸ್ಟೋರಪ್ಪನವರು ಜೇಬಿಗೆ ಕೈ ಹಾಕಿದರು. ಆಮೇಲೆ ಸೊಂಟಕ್ಕೆ. ಆಮೇಲೆ ಲೆಕ್ಕ ಹಾಕಿದರು. ಪೆಟ್ಟಿಗೆಯ ಕೀಲಿ ಡಿಕ್ಕಿಯಲ್ಲಿ, ಡಿಕ್ಕಿಯ ಕೀಲಿ ಪೆಟ್ಟಿಗೆಯಲ್ಲಿ. ಉಗ್ರಾಣದಲ್ಲಿ ಮೂರನೆಯ ಬೀರುವಿನ ಕೀಲಿ ಸೊಂಟದಲ್ಲಿರುತ್ತಿತ್ತು. ಇಲ್ಲಿ ಮೂರನೆಯ ಬೀರುವೇ ಇರಲಿಲ್ಲ.

"ಜೋಡಿ ಕೀಲಿ?" ಎಂದಳು ಹೆಂಡತಿ.

"ಮನೇಲಿದೆ. ಭದ್ರವಾಗಿದೆ."

ಹೆಂಡತಿ ಆಕಾಶ ನೋಡಿದಳು. ಹೋಗಿ ಬರಲು ಮೂರು ಗಂಟೆ, ಭಾಷಣಕ್ಕೆ ಇಪ್ಪತ್ತು ನಿಮಿಷ. ಪೆಟ್ಟಿಗೆಯನ್ನು ಸ್ಕ್ರೂಡ್ರೈವರಿನಿಂದ ಮೀಟಿ ತೆಗೆಯೋಣ ಎಂದಳು. ಸ್ಕ್ರೂಡ್ರೈವರು ಡಿಕ್ಕಿಯಲ್ಲಿತ್ತು. (ಚೀಟಿ ಅಂಟಿಸಿ, ಅದರ ಜಾಗದಲ್ಲೇ.) ಶಾಲೆಯ ಕಾವಲುಗಾರ ತನ್ನ ಕಬ್ಬಿಣದ ಸರಳು ತಂದು ತಗಡಿಗೆ ತಾಗಿಸಿದ್ದೇ ತಡ, ಸೈರನ್ನು ಹುಯಿಲಿಟ್ಟಿತು. ತರಗತಿಗಳ ಕಿಟಕಿ ತುಂಬ ಮಕ್ಕಳ ಮುಖಗಳು ಮೂಡಿದವು. ಪೆಟ್ಟಿಗೆ ಮಾತ್ರ ಜಪ್ಪಯ್ಯ ಎನ್ನಲಿಲ್ಲ. ಹಿಂದಿನ ಕಾಲದ ತಗಡು ಎಂದರೆ ತಗಡು ಎಂದು ಸ್ಟೋರಪ್ಪನವರು ಆ ಗಳಿಗೆಯಲ್ಲೂ ಹೆಮ್ಮೆಪಟ್ಟರು, ಹೆಂಡತಿಯ ಮುಖ ನೋಡಿ ಆ ಹೆಮ್ಮೆಯನ್ನು ಬಾಯೊಳಗೇ ಇಟ್ಟುಕೊಂಡರು.

ಆದರೆ ಹಿಡಿದ ಹಟ ಬಿಡುವವರಲ್ಲ. ನೂರ ನಲವತ್ತೊಂದನೆಯ ಪುಟ ನೆನಪಾಯಿತು: ಹಿಂದಿನ ಸೀಟಿನ ನಡುವೆ ಕೈಯಿಡುವ ದಿಂಬನ್ನು ಮಡಿಚಿದರೆ ಡಿಕ್ಕಿಗೆ ಒಂದು ಕಿಂಡಿ. ಉದ್ದದ ಸಾಮಾನು ತೂರಿಸಲು ಮಾಡಿದ್ದು. ಸ್ಟೋರಪ್ಪನವರು ತಮ್ಮನ್ನೇ ಉದ್ದದ ಸಾಮಾನೆಂದು ಭಾವಿಸಿ ನುಗ್ಗಿದರು. ತಲೆ, ಒಂದು ಕೈ, ಒಂದು ಭುಜ ಒಳಗೆ ಹೋದವು. ಉಳಿದದ್ದೆಲ್ಲ ಕಾರಿನ ಬಾಗಿಲಿನಿಂದ ಶಾಲೆಯ ಕಡೆಗೆ ಚಾಚಿಕೊಂಡಿತು. ಬೆರಳು ಸ್ಟೆಪ್ನಿಯ ರಬ್ಬರನ್ನು ಸವರಿತು. ಕೀಲಿ ಅದರ ಅಡಿಯಲ್ಲಿ, ಇನ್ನು ಒಂದೇ ಗೇಣು. ಸೈರನ್ನಿನ ಹುಯಿಲಿನ ನಡುವೆ ಅವರು ಹೊರಳಿದರು, ಒದ್ದಾಡಿದರು, ಕಾಲನ್ನು ಬಾಗಿಲಿಗೆ ಕೊಟ್ಟು ತಳ್ಳಿಕೊಂಡರು. ಆ ಒಂದು ಗೇಣು ಕೊನೆಗೂ ಒಂದು ಗೇಣಾಗಿಯೇ ಉಳಿಯಿತು. ಕಾವಲುಗಾರನೂ ಹೆಂಡತಿಯೂ ಒಂದೊಂದು ಕಾಲು ಹಿಡಿದು ಹೊರಗೆಳೆದರು.

ಅಷ್ಟರಲ್ಲಿ ಈಗಿನ ಹೆಡ್‌ಮಾಸ್ಟರು ಓಡಿ ಬಂದು, ಮಕ್ಕಳು ಸಾಲಾಗಿ ಕೂತಾಗಿದೆ, ದಯಮಾಡಿಸಬೇಕು ಎಂದರು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎನ್ನುತ್ತಾರಲ್ಲ, ಅತ್ತೆಯ ಗತಿ ಅದೇ ಆಗಿತ್ತು. ಅವರ ಕಣ್ಣಲ್ಲಿ ನೀರು ಕಂಡಿತು. ಸರ್ಕಾರವನ್ನು ಬೈಯುವಾಗ ಕೆಂಪಾಗುವ ಆ ಕಣ್ಣು ಒದ್ದೆಯಾದದ್ದನ್ನು ಸ್ಟೋರಪ್ಪನವರು ಎಂದೂ ನೋಡಿರಲಿಲ್ಲ. ಇಪ್ಪತ್ತೇಳು ವರ್ಷ ಏನೂ ಕಳೆಯದ ಮನುಷ್ಯ ಒಂದೇ ಬೆಳಿಗ್ಗೆಯಲ್ಲಿ ಅತ್ತೆಯ ಐವತ್ತು ವರ್ಷ ಕಳೆದುಬಿಟ್ಟೆನಲ್ಲ ಎಂದು ಹಳಹಳಿಸಿದರು.

ಅತ್ತೆ ಕಣ್ಣೊರೆಸಿಕೊಂಡರು. ಅಳಿಯನ ತೋಳು ಹಿಡಿದು ಬೊಚ್ಚು ಬಾಯಲ್ಲಿ ಏನೋ ಹೇಳಿದರು. ಹೆಡ್‌ಮಾಸ್ಟರಿಗೆ ತಿಳಿಯಲಿಲ್ಲ, ಮಗಳಿಗೂ ತಿಳಿಯಲಿಲ್ಲ. ಸ್ಟೋರಪ್ಪನವರಿಗೆ ತಿಳಿಯಿತು, ತಿಳಿದದ್ದೇ ತಪ್ಪಾಯಿತೆನ್ನಿಸಿತು.

"ಮಾಡಿದ್ದುಣ್ಣೋ ಮಹರಾಯ. ಬನ್ನಿ ನನ್ನ ಜೊತೆ. ನಾನು ಕಿವೀಲಿ ಹೇಳ್ತೀನಿ, ನೀವು ಮೈಕಲ್ಲಿ ಹೇಳಿ. ಒಂದು ಮಾತೂ ಬಿಡಬಾರದು."

ಹೀಗೆ, ಸಭೆ ಎಂದರೆ ಮಾರು ದೂರ ಹಾರುವ ಸ್ಟೋರಪ್ಪನವರು ಎಂಟು ನೂರು ಮಕ್ಕಳ ಮುಂದೆ ವೇದಿಕೆ ಹತ್ತಿದರು. ಅತ್ತೆ ಕುರ್ಚಿಯಲ್ಲಿ ಕೂತರು. ಸ್ಟೋರಪ್ಪನವರು ಮೈಕಿನ ಪಕ್ಕ ನಿಂತು, ಸೊಂಟ ಬಗ್ಗಿಸಿ ಕಿವಿ ಕೊಟ್ಟು, ಮತ್ತೆ ನೆಟ್ಟಗಾಗಿ ನುಡಿಯತೊಡಗಿದರು. ಒಂದು ಮಾತೂ ಬಿಡಬಾರದೆಂದು ಅವರು ನಿಶ್ಚಯಿಸಿಬಿಟ್ಟಿದ್ದರು. ‘ನಾನು ಈ ಶಾಲೆ ಶುರು ಮಾಡಿದಾಗ ನನಗೆ ಇಪ್ಪತ್ತೆರಡು ವರ್ಷ, ಎರಡು ಜಡೆ’ ಎಂದು ಬೋಳುತಲೆಯ ಸ್ಟೋರಪ್ಪನವರು ಗಂಭೀರವಾಗಿ ಹೇಳಿದಾಗ ಸಭೆ ಒಂದು ಕ್ಷಣ ತಬ್ಬಿಬ್ಬಾಗಿ, ಆಮೇಲೆ ಘೊಳ್ಳೆಂದಿತು. ವೇದಿಕೆಯ ಹಿಂಭಾಗದಲ್ಲಿ ಪರದೆಯ ಮುಂದೆ ಹಾಡಲು ಸಾಲಾಗಿ ನಿಂತಿದ್ದ ಹುಡುಗಿಯರಂತೂ ಅವರು ಬಗ್ಗಿದಾಗಲೆಲ್ಲ ಕಿಸಕ್ಕೆನ್ನುತ್ತಿದ್ದರು. ಭಾಷಣ ರಂಗೇರುತ್ತಿದೆ ಎಂದುಕೊಂಡ ಸ್ಟೋರಪ್ಪನವರಿಗೆ ಹುರುಪು ಬಂತು.

ತಗಡಿನ ಮಾಡು, ಮೊದಲ ಹನ್ನೊಂದು ಮಕ್ಕಳು ಎಲ್ಲ ಆಯಿತು. ಆಮೇಲೆ ಅತ್ತೆ ದಾರಿ ಬದಲಿಸಿದರು. ‘ಮಕ್ಕಳೇ, ಈ ದಿನ ನನ್ನ ಹಲ್ಲು ಯಾಕಿಲ್ಲ ಗೊತ್ತೆ? ನಮ್ಮ ಮನೆಯಲ್ಲಿ ಒಬ್ಬ ದಡ್ಡ ಇದ್ದಾನೆ.’ ಸ್ಟೋರಪ್ಪನವರು ಉಗುಳು ನುಂಗಿ, ನಮ್ಮ ಮನೆಯಲ್ಲಿ ಒಬ್ಬರು ಬಹಳ ಜಾಗರೂಕರು ಇದ್ದಾರೆ ಎಂದರು. ಮೂವತ್ತನಾಲ್ಕು ವರ್ಷ ನಕಲು ಹಿಡಿದ ಕೈ ಅದು, ಬಿಟ್ಟೀತೆ? ತೊಡೆಯ ಮೇಲೆ ಒಂದು ಚಿವುಟು ಬಿತ್ತು. ಸ್ಟೋರಪ್ಪನವರು ತಿದ್ದಿಕೊಂಡು, ಎರಡೂ ಕೀಲಿಗಳ ಕಥೆಯನ್ನು ತಮ್ಮ ಬಾಯಿಂದಲೇ ಮೊದಲಿಂದ ಕೊನೆಯವರೆಗೆ ಹೇಳಿದರು. ಮಕ್ಕಳು ಬೆಂಚಿನಿಂದ ಉರುಳುವುದೊಂದು ಬಾಕಿ. ಮುಂದಿನ ಸಾಲಿನಲ್ಲಿ ಹೆಂಡತಿ ಫೋನೆತ್ತಿ ಎಲ್ಲವನ್ನೂ ಚಿತ್ರೀಕರಿಸಿಕೊಳ್ಳುತ್ತಿದ್ದಳು.

ನಗು ಇಳಿದ ಮೇಲೆ ಅತ್ತೆ ಮೆಲ್ಲನೆ ಕಿವಿಯಲ್ಲಿ ಹೇಳಿದ್ದನ್ನು ಸ್ಟೋರಪ್ಪನವರು ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೇಳಿದರು.

"ಮಕ್ಕಳೇ, ತಪ್ಪು ಎಲ್ಲರೂ ಮಾಡ್ತಾರೆ. ಮಾಡಿದ ತಪ್ಪನ್ನ ಎಂಟು ನೂರು ಜನರ ಮುಂದೆ ನಿಂತು ಒಪ್ಪಿಕೊಳ್ಳೋದಕ್ಕೆ ಎದೆ ಬೇಕು. ಅಂಥ ಅಳಿಯ ನನಗೆ ಸಿಕ್ಕಿದ್ದಾನೆ. ನನ್ನ ಭಾಗ್ಯ."

ಚಪ್ಪಾಳೆಗೆ ಮಾಡು ಹಾರುವಂತಾಯಿತು. ಸ್ಟೋರಪ್ಪನವರ ಕಣ್ಣು ಮಂಜಾಯಿತು. ಹಿಂದೆ ನಿಂತ ಹಾಡಿನ ಹುಡುಗಿಯರು ಮಾತ್ರ ಇನ್ನೂ ಕಿಸಕ್ಕೆನ್ನುತ್ತಲೇ ಇದ್ದರು. ಅವರನ್ನು ಗದರಿಸಲು ಹಿಂದಕ್ಕೆ ತಿರುಗಿದ ಅತ್ತೆ, ಮತ್ತೆ ಮುಂದಕ್ಕೆ ತಿರುಗುವಾಗ ಅಳಿಯನನ್ನು ಹಿಂದಿನಿಂದ ಒಮ್ಮೆ ನೋಡಿದರು. ಗಡಿಬಿಡಿಯಿಂದ ತೋಳು ಜಗ್ಗಿ ಕಿವಿಯಲ್ಲಿ ಏನೋ ಹೇಳಿದರು. ಒಂದು ಮಾತೂ ಬಿಡಬಾರದೆಂದು ನಿಶ್ಚಯಿಸಿದ್ದ ಸ್ಟೋರಪ್ಪನವರು ನೆಟ್ಟಗೆ ನಿಂತು, ಎದೆ ಸೆಟೆಸಿ, ಒಂದೊಂದು ಅಕ್ಷರವನ್ನೂ ಬಿಡಿಸಿ ಮೈಕಿನಲ್ಲಿ ನುಡಿದರು:

"ಅಳಿಯಂದ್ರೇ, ನಿಮ್ಮ ಪ್ಯಾಂಟು ಹಿಂದೆ ಸೊಂಟದಿಂದ ತೊಡೆವರೆಗೆ ಹರಿದುಹೋಗಿದೆ. ಸಭೆಗೆ ಬೆನ್ನು ತೋರಿಸಬೇಡಿ, ಹಾಗೇ ಹಿಂದಕ್ಕೆ ನಡೆದು ಪರದೆ ಒಳಗೆ ಹೋಗಿಬಿಡಿ."

ಸಭೆ ಎದ್ದು ನಿಂತು ಕೇಕೆ ಹಾಕಿತು. ಸ್ಟೋರಪ್ಪನವರು ಎರಡೂ ಕೈಗಳನ್ನು ಹಿಂದಕ್ಕೆ ಕೊಟ್ಟು, ಪರದೆಯತ್ತ ಒಂದು ಹೆಜ್ಜೆ ಹಿಂದೆ ಇಟ್ಟರು. ಅಲ್ಲಿ ಆ ಹುಡುಗಿಯರು, ಸಾಲಿಗೆ ಸಾಲೇ, ದಾರಿ ಬಿಡದೆ ನಿಂತಿದ್ದರು.