ಕಾರಿನೊಳಗಿನ ನಾಯಿ

ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ. ಕೊಟ್ಟಿಗೆಹಾರದ ಪಂಕ್ಚರ್ ಅಂಗಡಿಯ ಸಮೀಉಲ್ಲಾ ಊಟಕ್ಕೆ ಹೊರಡುವ ಹೊತ್ತಿಗೆ, ಅಂಗಡಿಯೆದುರು ಬಿಸಿಲಲ್ಲಿ ನಿಂತಿದ್ದ ಕಾರಿನೊಳಗೆ ಏನೋ ಅಲ್ಲಾಡಿತು. ಬಗ್ಗಿ ನೋಡಿದ. ಕಂಬಳಿ ಹೊದ್ದಂತೆ ಮೈತುಂಬ ಕೂದಲಿದ್ದ ನಾಯಿಯೊಂದು ನಾಲಗೆ ಇಳಿಬಿಟ್ಟು, ಘಾಟಿ ಹತ್ತುವ ಹಳೇ ಜೀಪಿನಂತೆ ಏದುಸಿರು ಬಿಡುತ್ತಿತ್ತು.

ಜನ ಸೇರಲು ಎಷ್ಟು ಹೊತ್ತು?

"ಇನ್ನು ಹತ್ತು ನಿಮಿಷಕ್ಕೆ ಅದು ಹೋಯ್ತು," ಎಂದರು ಪರಮೇಶ್ವರಪ್ಪ. ನಾಲ್ಕೆಕರೆ ಕಾಫಿ ತೋಟ ಬಿಟ್ಟು ಅವರು ದಿನವೂ ಪೇಟೆಗೆ ಬರುತ್ತಿದ್ದುದೇ ಇಂಥದ್ದಕ್ಕೆ. "ಬಾಗ್ಲು ತೆಗಿ ಮಾರಾಯ, ಏನ್ ನೋಡ್ತಾ ನಿಂತಿದೀಯ?"

"ಬೇರೆಯವ್ರ ಕಾರು ಪರಮೇಶಣ್ಣ. ಆಮೇಲೆ ನನ್ನ ಕಳ್ಳ ಅಂದ್ರೆ?"

"ನಾವಿಷ್ಟು ಜನ ಇಲ್ವಾ? ನೀನು ತೆಗಿ."

ಕಿಟಕಿ ಬೆರಳಷ್ಟು ಇಳಿದಿತ್ತು. ಸಮೀಉಲ್ಲಾ ತಂತಿ ಬಾಗಿಸಿ ಒಳಗಿಳಿಸಿ ಲಾಕ್ ಎಳೆದ. ಬಾಗಿಲು ತೆರೆದದ್ದೇ ತಡ, ಕಾರು ಊರಿಗೆಲ್ಲ ಕೇಳುವಂತೆ ಅರಚತೊಡಗಿತು. ನಾಯಿ ಮೂಟೆಯಂತೆ ಅವನ ತೋಳಿಗೆ ಬಿತ್ತು. ತಿರುಗಿ ನೋಡಿದರೆ ಅಷ್ಟೂ ಜನ ರಸ್ತೆಯಾಚೆ ಸೇರಿದ್ದರು, ಎಲ್ಲರಿಗಿಂತ ಹಿಂದೆ ಪರಮೇಶ್ವರಪ್ಪ.

ಕಬ್ಬಿನಹಾಲು ಮಾರುವ ರಶ್ಮಿ ಮಾತ್ರ ಬಕೆಟ್ ತಂದಳು. "ಐಸ್ ನೀರು ಬೇಡ ಸಮೀಅಣ್ಣ. ಪಾದ, ಹೊಟ್ಟೆ ಒದ್ದೆ ಮಾಡಿ. ಕುಡಿಯಕ್ಕೆ ಸ್ವಲ್ಪ ಸ್ವಲ್ಪನೇ ಕೊಡಿ."

ಅರ್ಧ ಗಂಟೆ ಒದ್ದೆ ಬಟ್ಟೆ ಹಾಕಿ ರಟ್ಟಿನಿಂದ ಗಾಳಿ ಬೀಸಿದ ಮೇಲೆ ನಾಯಿ ಕಣ್ಣು ಬಿಟ್ಟು ಅವನ ಅಂಗೈ ನೆಕ್ಕಿತು. ಅವನಿಗೆ ಊಟ ಮರೆತೇ ಹೋಗಿತ್ತು.

ಆಗ ಬಂದರು ಕಾರಿನವರು, ಗಂಡ ಹೆಂಡತಿ.

"ಕಾರು ತೆಗ್ದಿದ್ ಯಾರು?" ಗಂಡ ಕೇಳಿದ.

"ಇವ್ನೇ ಸಾರ್." ಪರಮೇಶ್ವರಪ್ಪ ಆಚೆಯಿಂದಲೇ ಬೆರಳು ತೋರಿಸಿದರು.

ಸಮೀಉಲ್ಲಾ ರಟ್ಟು ಕೆಳಗಿಟ್ಟು ಎದ್ದು ನಿಂತ. "ಸತ್ತೇ ಹೋಗ್ತಿತ್ತು ಸಾರ್. ಅದಕ್ಕೇ..."

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಆಮೇಲೆ ಗಂಡ ಬಂದು ಅವನ ಎರಡೂ ಕೈ ಹಿಡಿದುಕೊಂಡ. "ನಿಮ್ಮಂಥೋರು ಸಿಗೋದು ಕಷ್ಟ. ಐದು ನಿಮಿಷ ಇಲ್ಲೇ ನೆರಳಲ್ಲಿ ಇರ್ಲಿ, ಪೆಟ್ರೋಲ್ ಹಾಕ್ಸಿ ಬರ್ತೀವಿ."

ಹೆಂಡತಿ ಡಿಕ್ಕಿಯಿಂದ ತಟ್ಟೆ, ಹಗ್ಗ, ಬಾಚಣಿಗೆ, ಅರ್ಧ ಚೀಲ ನಾಯಿ ತಿಂಡಿ ಇಳಿಸಿಟ್ಟಳು. ಐದು ನಿಮಿಷಕ್ಕೆ ಇಷ್ಟೆಲ್ಲ ಯಾಕೆ ಎಂದು ಸಮೀಉಲ್ಲಾನಿಗೆ ಹೊಳೆಯುವಷ್ಟರಲ್ಲಿ ಕಾರು ಚಾರ್ಮಾಡಿ ಕಡೆ ತಿರುಗಿ ಮರೆಯಾಗಿತ್ತು.

ಸಂಜೆ ಪರಮೇಶ್ವರಪ್ಪ ಈಚೆ ಬಂದರು. "ಬೆಳಿಗ್ಗೆ ದೇವರಮನೆ ಗುಡ್ಡದ ಹತ್ರ ಬಿಟ್ಟು ಬರಕ್ಕೆ ನೋಡಿದ್ರಂತೆ. ಕಾರಿನ ಹಿಂದೇನೇ ಓಡಿ ಬಂತಂತೆ, ಪಾಪ."

"ನಿಮಗೆ ಹೆಂಗೆ ಗೊತ್ತು?"

"ಹೋಟ್ಲಲ್ಲಿ ಅವ್ರೇ ಹೇಳಿದ್ರು. ಮೊದ್ಲು ನನ್ ತೋಟದಲ್ಲೇ ಬಿಡ್ತೀವಿ ಅಂದ್ರು ಮಾರಾಯ. ನಾನು ಒಪ್ತೀನಾ? ಸಮೀದು ಮೆತ್ತಗಿನ ಮನಸ್ಸು, ಅವನ ಅಂಗಡಿ ಎದುರು ನಿಲ್ಸಿ ನೋಡಿ ಅಂದೆ."

ನಾಯಿ ರಸ್ತೆಯಂಚಿಗೆ ಹೋಗಿ ಕೂತು, ಘಾಟಿ ಹತ್ತಿ ಬರುವ ಒಂದೊಂದು ಕಾರಿಗೂ ಬಾಲ ಆಡಿಸುತ್ತಿತ್ತು. ಸಮೀಉಲ್ಲಾ ತಟ್ಟೆಗೆ ನೀರು ತುಂಬಿ ಅದರ ಪಕ್ಕ ಒಯ್ದಿಟ್ಟ. ಅದು ತಿರುಗಿಯೂ ನೋಡಲಿಲ್ಲ.